ಇಟಲಿಯಲ್ಲಿ ಊಟಕ್ಕೆ ಕೂತಾಗ ‘ಇದನ್ನ ನಾನು ತಿನ್ನಲ್ಲ’ ಅಂತ ಹೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರೋಮ್‌ನ ಒಂದು ಗಲ್ಲಿಯಲ್ಲಿದ್ದ ಪುಟ್ಟ ಊಟದ ಮನೆ. ಅಮ್ಮ ಮತ್ತು ನಾನು ಹಸಿದು ಹೋಗಿ ಕೂತಿದ್ದೆವು. ಮೆನುವಿನಲ್ಲಿ ‘ಫ್ಯೋರಿ ದಿ ತ್ಸುಕ್ಕ’ ಅಂತ ಕಂಡಿತು. ಕುಂಬಳದ ಜಾತಿಯ ಹೂವನ್ನು ಹಿಟ್ಟಲ್ಲಿ ಅದ್ದಿ ಕರಿದದ್ದು. ನಮ್ಮೂರಿನ ಬಜ್ಜಿಯ ಥರವೇ ಅಲ್ವಾ ಅಂತ ಖುಷಿಯಾಯಿತು. ಬಡಿಸುವವರನ್ನು ಕರೆದು ‘ಸೆಂತ್ಸ ಕಾರ್ನೆ?’ ಅಂದೆ. ಮಾಂಸ ಇಲ್ಲ ತಾನೇ, ಅಂತ. ‘ಸೀ ಸೀ, ಸೆಂತ್ಸ ಕಾರ್ನೆ’ ಅಂತ ಅವರು ನಗುತ್ತಾ ಹೇಳಿದರು. ಅಮ್ಮ ಒಂದು ತುತ್ತು ಕಚ್ಚಿದರು. ಆಮೇಲೆ ಮೆಲ್ಲಗೆ, ‘ಒಳಗೆ ಏನೋ ಉಪ್ಪುಪ್ಪಾಗಿ ಸಿಗ್ತಿದೆ ಕಣೇ, ನೋಡು’ ಅಂದರು. ಬಿಡಿಸಿ ನೋಡಿದರೆ ಬಿಳಿ ಚೀಸ್‌ನ ನಡುವೆ ಕಂದು ಬಣ್ಣದ ಒಂದು ಎಳೆ. ಅದು ಅಲೀಚೆ, ಉಪ್ಪಲ್ಲಿ ಹಾಕಿದ ಸಣ್ಣ ಮೀನು. ರೋಮ್‌ನಲ್ಲಿ ಆ ಹೂವಿನೊಳಗೆ ಮೊತ್ಸರೆಲ್ಲ ಚೀಸ್ ಜೊತೆ ಅದನ್ನು ಇಡುವುದೇ ಪದ್ಧತಿ. ಬಡಿಸುವವರಿಗೆ ನಿಜವಾಗಿಯೂ ಬೇಜಾರಾಯಿತು. ‘ಆದರೆ ಅದು ಕಾರ್ನೆ ಅಲ್ಲವಲ್ಲ, ಸಿಞ್ಞೋರ’ ಅಂದರು.

ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಸಾಲದಾಗಿತ್ತು. ಕನ್ನಡದಲ್ಲಿ ‘ನಾನ್‌ವೆಜ್’ ಅಂದರೆ ಸಾಕು. ಮಾಂಸ, ಮೀನು, ಮೊಟ್ಟೆ ಎಲ್ಲ ಒಂದೇ ಮಾತಲ್ಲಿ ಬಂದುಬಿಡುತ್ತವೆ. ಇಟಾಲಿಯನ್‌ನಲ್ಲಿ ಅಂಥ ಒಂದು ಮಾತು ಇಲ್ಲ. ಕಾರ್ನೆ ಅಂದರೆ ಪ್ರಾಣಿಯ ಮಾಂಸ ಮಾತ್ರ. ಮೀನು ಬೇರೆ, ಮೊಟ್ಟೆ ಬೇರೆ, ಮೂಳೆ ಬೇಯಿಸಿದ ನೀರು ಬೇರೆ. ನಮ್ಮಲ್ಲಿರುವಂಥ ಹಸಿರು ಚುಕ್ಕೆಯೂ ಅಲ್ಲಿ ಕಡ್ಡಾಯವಿಲ್ಲ. ಹಾಗಾಗಿ ಈ ಬರಹದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ. ನೀವು ಯಾವ ಗುಂಪಿನವರು ಅಂತ ಹೇಳಿ ನಿಲ್ಲಿಸಬೇಡಿ. ಬೇಡದ ಪದಾರ್ಥದ ಹೆಸರು ಹಿಡಿದು ಹೇಳಿ, ಹೆಸರು ಹಿಡಿದು ಕೇಳಿ.

ಹೆಜ್ಜೆ 1: ಪಟ್ಟಿಯನ್ನು ಮನೆಯಲ್ಲೇ ಮಾಡಿ

ವಿಮಾನ ಹತ್ತುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಏನೇನು ಬೇಡ ಅಂತ ಬರೆಯಿರಿ. ಪ್ರತಿಯೊಂದರ ಮುಂದೆ ಯಾಕೆ ಬೇಡ ಅಂತಲೂ ಬರೆಯಿರಿ. ಇಷ್ಟವಿಲ್ಲವೋ, ಮನೆಯ ಪದ್ಧತಿಯೋ, ಮೈಗೆ ಆಗುವುದಿಲ್ಲವೋ? ಈ ಮೂರಕ್ಕೂ ಹೇಳುವ ರೀತಿ ಬೇರೆ ಬೇರೆ.

ಕನ್ನಡದಲ್ಲಿ ‘ತಿನ್ನಲ್ಲ’ ಅನ್ನುವುದಕ್ಕೂ ‘ತಿನ್ನೋ ಹಾಗಿಲ್ಲ’ ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ? ಇಟಾಲಿಯನ್‌ನಲ್ಲೂ ಹಾಗೇ ಇದೆ. ‘ನೊನ್ ಮಾಂಜೊ’ ಅಂದರೆ ತಿನ್ನುವುದಿಲ್ಲ. ‘ನೊನ್ ಪೊಸ್ಸೊ ಮಾಂಜಾರೆ’ ಅಂದರೆ ತಿನ್ನುವ ಹಾಗಿಲ್ಲ. ಅಲರ್ಜಿ ಇದ್ದವರು ಯಾವಾಗಲೂ ಎರಡನೆಯದನ್ನೇ ಬಳಸಿ. ಪದ್ಧತಿಯ ಕಾರಣಕ್ಕೆ ಬಿಟ್ಟವರು ಮೊದಲನೆಯದನ್ನು ಹೇಳಿ ‘ಪೆರ್ ಮೊತೀವಿ ರೆಲಿಜೋಜಿ’ ಅಂತ ಸೇರಿಸಿದರೆ ಸಾಕು. ಧಾರ್ಮಿಕ ಕಾರಣಕ್ಕೆ ಅಂತ ಅರ್ಥ. ಆರೋಗ್ಯದ ಕಾರಣವಾದರೆ ‘ಪೆರ್ ಮೊತೀವಿ ದಿ ಸಲೂತೆ’. ಪದ್ಧತಿಗಾಗಿ ಬಿಟ್ಟದ್ದನ್ನು ಅಲರ್ಜಿ ಅಂತ ಸುಳ್ಳು ಹೇಳಬೇಡಿ ಅಂತ ನನ್ನ ಮನವಿ. ಅಡುಗೆಮನೆಯವರು ಅಲರ್ಜಿ ಅಂದ ಕೂಡಲೇ ಪಾತ್ರೆ, ಚಾಕು, ಹಲಗೆ ಎಲ್ಲ ಬದಲಾಯಿಸಬೇಕಾಗುತ್ತದೆ. ಆ ಮಾತಿನ ಬೆಲೆ ನಿಜವಾದ ಅಲರ್ಜಿಯವರಿಗೆ ಉಳಿದಿರಬೇಕು.

ಪಟ್ಟಿ ಮುಗಿದ ಮೇಲೆ ಅದನ್ನು ಇಟಾಲಿಯನ್ ಅಕ್ಷರದಲ್ಲಿ ಒಂದು ಚೀಟಿಗೆ ಇಳಿಸಿಕೊಳ್ಳಿ. ಫೋನಿನ ಅನುವಾದದ ಆ್ಯಪ್ ಸಾಕು. ಆದರೆ ಚಿಕ್ಕ ಚಿಕ್ಕ ವಾಕ್ಯ ಕೊಡಿ, ಇಲ್ಲದಿದ್ದರೆ ಎಡವಟ್ಟಾಗುತ್ತದೆ. ಬಂದ ಅನುವಾದವನ್ನು ಆ್ಯಪ್‌ನಲ್ಲೇ ಓದಿಸಿ, ಈ ಬರಹದಲ್ಲಿರುವ ಮಾತುಗಳ ಜೊತೆ ಹೋಲಿಸಿ ನೋಡಿ. ಬಾಯಲ್ಲಿ ಹೇಳುವುದು ಮರ್ಯಾದೆಗೆ, ಚೀಟಿ ಒಳಗಿರುವ ಅಡುಗೆಯವರಿಗೆ. ಬಡಿಸುವವರು ಅದನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗುತ್ತಾರೆ.

ಹೆಜ್ಜೆ 2: ನಾಲಿಗೆ ಹದ ಮಾಡಿಕೊಳ್ಳಿ

ಕನ್ನಡಿಗರಿಗೆ ಇಟಾಲಿಯನ್ ಉಚ್ಚಾರಣೆ ಕಷ್ಟವಲ್ಲ. ಅಲ್ಲಿಯ ಹೆಚ್ಚಿನ ಮಾತುಗಳು ನಮ್ಮವುಗಳಂತೆ ಸ್ವರದಲ್ಲೇ ಮುಗಿಯುತ್ತವೆ. ನಮ್ಮ ಒತ್ತಕ್ಷರದ ಹಾಗೆ ಅವರೂ ಒತ್ತಿ ಹೇಳುತ್ತಾರೆ: ಪೊಲ್ಲೊ, ಲಾತ್ತೆ, ಪಾನ್ನ. ‘ಟ’, ‘ಡ’ ಬೇಡ, ‘ತ’, ‘ದ’ ಬಳಸಿ. ಇಂಗ್ಲಿಷಿನ ಗಾಳಿ ಬೀಸದೆ ಕನ್ನಡದ ಥರವೇ ಓದಿದರೆ ಅರ್ಧ ಕೆಲಸ ಮುಗಿಯಿತು.

ಮೆನು ಓದುವಾಗ ಮಾತ್ರ ಒಂದು ಎಚ್ಚರ. ‘ಸಿ’, ‘ಎಚ್’ ಒಟ್ಟಿಗೆ ಬಂದರೆ ಅದು ‘ಕ’, ‘ಚ’ ಅಲ್ಲ. ಮೀನು ಅಂದರೆ ‘ಪೆಶ್ಶೆ’. ಪೀಚ್ ಹಣ್ಣುಗಳು ಅಂದರೆ ‘ಪೆಸ್ಕೆ’. ಬರಹದಲ್ಲಿ ಇವೆರಡರ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸ. ಹಾಗೇ, ‘ಮಾಂಜೊ’ ಅಂದರೆ ತಿನ್ನುತ್ತೇನೆ, ‘ಮಾಂದ್ಜೊ’ ಅಂದರೆ ದನದ ಮಾಂಸ. ದನದ ಮಾಂಸ ಬೇಡ ಅನ್ನುವವರು ‘ನೊನ್ ಮಾಂಜೊ ಮಾಂದ್ಜೊ’ ಅನ್ನುವಾಗ ಎರಡನೆಯ ಮಾತಿನಲ್ಲಿ ‘ದ್ಜ’ ಕೇಳಿಸುವಂತೆ ಹೇಳಿ.

ಇನ್ನೊಂದು ವಿಷಯ. ಅಲ್ಲಿಯೂ ನೀನು, ನೀವು ಇದೆ. ಗುರುತಿಲ್ಲದವರಿಗೆ ‘ನೀವು’ ರೂಪವೇ ಸರಿ. ಕೆಳಗೆ ಕೊಟ್ಟ ವಾಕ್ಯಗಳೆಲ್ಲ ಆ ರೂಪದಲ್ಲೇ ಇವೆ. ಒಳಗೆ ಕಾಲಿಟ್ಟ ಕೂಡಲೇ ಮಧ್ಯಾಹ್ನವಾದರೆ ‘ಬ್ವೊಂಜೋರ್ನೊ’, ಸಂಜೆಯಾದರೆ ‘ಬ್ವೊನಸೇರ’ ಅನ್ನಿ. ಕರೆಯುವಾಗ ‘ಸ್ಕೂಜಿ’. ಇಷ್ಟು ಮಾಡಿದರೆ ಮುಂದಿನ ಪ್ರಶ್ನೆಗಳಿಗೆ ಜನ ಮನಸ್ಸಿಟ್ಟು ಉತ್ತರ ಕೊಡುತ್ತಾರೆ.

ಹೆಜ್ಜೆ 3: ಮೊದಲ ವಾಕ್ಯ

ಆರ್ಡರ್ ಕೊಡುವ ಮೊದಲೇ ಹೇಳಿಬಿಡಿ, ತಟ್ಟೆ ಬಂದ ಮೇಲಲ್ಲ. ಹೆಂಗಸರು ‘ಸೋನೊ ವೆಜೆತರ್ಯಾನ’ ಅನ್ನಬೇಕು, ಗಂಡಸರು ‘ಸೋನೊ ವೆಜೆತರ್ಯಾನೊ’. ಮನೆಯವರೆಲ್ಲ ಹೌದಾದರೆ ‘ಸ್ಯಾಮೊ ವೆಜೆತರ್ಯಾನಿ’. ಅಷ್ಟಕ್ಕೇ ನಿಲ್ಲಿಸದೆ ಇದನ್ನೂ ಸೇರಿಸಿ:

‘ನೊನ್ ಮಾಂಜೊ ಕಾರ್ನೆ, ಪೊಲ್ಲೊ, ಪೆಶ್ಶೆ, ನೇ ಬ್ರೋದೊ ದಿ ಕಾರ್ನೆ.’
(ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ, ಮಾಂಸ ಬೇಯಿಸಿದ ನೀರೂ ಬೇಡ.)

ಮೊಟ್ಟೆಯೂ ಬೇಡವಾದರೆ ‘ನೇ ಉವೋವ’ ಅಂತ ಕೊನೆಗೆ ಸೇರಿಸಿ. ಇದು ಬಹಳ ಮುಖ್ಯ. ಇಟಲಿಯಲ್ಲಿ ವೆಜೆತರ್ಯಾನೊ ಅಂದರೆ ಮೊಟ್ಟೆ ತಿನ್ನುವವರು ಅಂತಲೇ ಎಲ್ಲರೂ ತಿಳಿಯುತ್ತಾರೆ. ಅವರು ಹಾಗೆ ತಿಳಿಯುವುದು ತಪ್ಪಲ್ಲ.

ಕೋಳಿ, ಕುರಿ ತಿಂದು ದನ ಮಾತ್ರ ಬಿಟ್ಟವರಿಗೆ: ‘ನೊನ್ ಮಾಂಜೊ ಮಾಂದ್ಜೊ ನೇ ವಿತೆಲ್ಲೊ’. ವಿತೆಲ್ಲೊ ಅಂದರೆ ಕರು. ಇದನ್ನು ಬಿಡದೆ ಹೇಳಿ. ಹಂದಿ ಬೇಡವಾದರೆ ‘ನೊನ್ ಮಾಂಜೊ ಮಯಾಲೆ’. ಆದರೆ ಹಂದಿ ಮಾಂಸ ಮೆನುವಿನಲ್ಲಿ ಮಯಾಲೆ ಅನ್ನುವ ಹೆಸರಲ್ಲಿ ಬರುವುದು ಕಡಿಮೆ. ಪ್ರೊಶ್ಶುತ್ತೊ, ಪಾಂಚೆತ್ತ, ಗ್ವಾಂಚಾಲೆ, ಸ್ಪೆಕ್, ಸಲಾಮೆ, ಮೊರ್ತದೆಲ್ಲ, ಕಲಾಬ್ರಿಯದ ಖಾರದ ‘ನ್ದೂಯ’ ಇವೆಲ್ಲ ಹಂದಿಯೇ. ಬ್ರೆಜಾವೊಲ ದನದ್ದು. ಬೊಲೊಞ್ಞದ ರಾಗೂ ಸಾಸ್‌ನಲ್ಲಿ ದನವೂ ಹಂದಿಯೂ ಎರಡೂ ಇರುತ್ತವೆ. ಪೊಲ್ಪೆತ್ತೆ, ಅಂದರೆ ಮಾಂಸದ ಉಂಡೆಯಲ್ಲೂ ಬಹಳ ಸಲ ಹಾಗೇ.

ಹೆಜ್ಜೆ 4: ಕೇಳುವ ವಾಕ್ಯಗಳು

ಆರು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ನನಗೆ ಇವುಗಳಿಂದಲೇ ಎಲ್ಲ ಕಡೆ ಕೆಲಸ ನಡೆದಿದೆ.

‘ಚೆ ಕಾರ್ನೆ ಒ ಪೆಶ್ಶೆ ಇನ್ ಕ್ವೆಸ್ತೊ ಪ್ಯಾತ್ತೊ?’
ಈ ತಿಂಡಿಯಲ್ಲಿ ಮಾಂಸ ಅಥವಾ ಮೀನು ಇದೆಯಾ? ‘ಚೆ’ ಅಂದರೆ ಇದೆ. ಅದರ ಮುಂದೆ ಬೇಕಾದ ಪದಾರ್ಥದ ಹೆಸರಿಡಿ: ಚೆ ಬ್ರೋದೊ? ಚೆ ಆಲ್ಯೊ (ಬೆಳ್ಳುಳ್ಳಿ)?

‘ಇಲ್ ಬ್ರೋದೊ ಎ ದಿ ವೆರ್ದೂರೆ?’
ಬೇಯಿಸಿದ ನೀರು ತರಕಾರಿಯದ್ದಾ?

‘ಎ ಪೊಸ್ಸೀಬಿಲೆ ಸೆಂತ್ಸ...?’
ಇದು ಇಲ್ಲದೆ ಮಾಡಿಕೊಡಲು ಆಗುತ್ತದಾ? ಸೆಂತ್ಸ ಅಂದರೆ ‘ಇಲ್ಲದೆ’.

‘ಎ ಜಾ ಪ್ರೊಂತೊ, ಒ ಲೊ ಫಾತೆ ಆಲ್ ಮೊಮೆಂತೊ?’
ಇದು ಮೊದಲೇ ಮಾಡಿಟ್ಟದ್ದಾ, ಈಗ ಮಾಡುವುದಾ?

‘ಪ್ವೊ ಕ್ಯೇದೆರೆ ಇನ್ ಕುಚೀನ, ಪೆರ್ ಫವೋರೆ?’
ದಯವಿಟ್ಟು ಅಡುಗೆಮನೆಯಲ್ಲಿ ಕೇಳುತ್ತೀರಾ?

‘ಕೋಜ ಮಿ ಕೊನ್ಸೀಲ್ಯ?’
ನೀವೇ ಏನು ಹೇಳುತ್ತೀರಿ?

ನಾಲ್ಕನೆಯ ವಾಕ್ಯಕ್ಕೆ ಜಾಸ್ತಿ ಗಮನ ಕೊಡಿ. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟ ಸಾಸ್‌ನಿಂದ ಈರುಳ್ಳಿಯನ್ನು ಯಾರೂ ಹೊರಗೆ ತೆಗೆಯಲಾರರು. ಲಸಾಞ್ಞೆಯಿಂದ ಚೀಸ್ ತೆಗೆಯಿರಿ ಅಂದರೂ ಅಷ್ಟೇ. ‘ತೆಗೆದು ಕೊಡಿ’ ಅಂತ ಕೇಳುವುದು ಆಗಲೇ ಮಾಡುವ ತಿಂಡಿಗೆ ಮಾತ್ರ ನಡೆಯುತ್ತದೆ. ಒಗ್ಗರಣೆಗೆ ಮೊದಲು ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಐದನೆಯದನ್ನು ಕೇಳಲು ಸಂಕೋಚ ಬೇಡ. ಆದರೆ ಹೊತ್ತು ನೋಡಿ ಹೋಗಿ. ರಾತ್ರಿ ಊಟ ಸಾಮಾನ್ಯವಾಗಿ ಏಳೂವರೆಗೆ ಶುರು. ಬಾಗಿಲು ತೆಗೆದ ಕೂಡಲೇ ಹೋದರೆ ಅಡುಗೆಯವರೇ ಹೊರಗೆ ಬಂದು ಮಾತಾಡುವಷ್ಟು ಪುರಸೊತ್ತು ಇರುತ್ತದೆ. ಒಂಬತ್ತು ಗಂಟೆಯ ಗಲಾಟೆಯಲ್ಲಿ ಯಾರಿಗೂ ನಿಮ್ಮ ಪಟ್ಟಿ ಕೇಳುವ ಸಮಾಧಾನ ಇರುವುದಿಲ್ಲ.

ಹೆಜ್ಜೆ 5: ಕಣ್ಣಿಗೆ ಕಾಣದ್ದನ್ನು ಹುಡುಕಿ

ಮೆನುವಿನಲ್ಲಿ ಬರೆಯದೇ ಒಳಗೆ ಕೂತಿರುವ ಪದಾರ್ಥಗಳೇ ನಮಗೆ ತೊಂದರೆ ಕೊಡುವುದು.

ಮೊದಲನೆಯದು ಬ್ರೋದೊ. ರಿಜೊತ್ತೊ ಅನ್ನವನ್ನು ಸೌಟು ಸೌಟಾಗಿ ಬ್ರೋದೊ ಹಾಕುತ್ತಾ ಬೇಯಿಸುತ್ತಾರೆ. ಮಿಲಾನಿನ ಹಳದಿ ಬಣ್ಣದ ಕೇಸರಿ ರಿಜೊತ್ತೊ ನೋಡಿದರೆ ಶುದ್ಧ ಸಸ್ಯಾಹಾರ ಅನ್ನಿಸುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಅದು ಮಾಂಸದ ಬ್ರೋದೊದಲ್ಲಿ ಬೇಯುತ್ತದೆ, ಜೊತೆಗೆ ದನದ ಮೂಳೆಯೊಳಗಿನ ಮಜ್ಜೆಯನ್ನೂ ಹಾಕುತ್ತಾರೆ. ಅದರ ಹೆಸರು ಮಿದೊಲ್ಲೊ. ತರಕಾರಿಯ ಮಿನೆಸ್ತ್ರೋನೆ ಸೂಪಿಗೂ ಬ್ರೋದೊ ಪ್ರಶ್ನೆ ಕೇಳಲೇಬೇಕು.

ಎರಡನೆಯದು ಸ್ತ್ರುತ್ತೊ, ಹಂದಿಯ ಕೊಬ್ಬು. ರೊಮಾಞ್ಞ ಕಡೆಯ ಪ್ಯದೀನ ನಮ್ಮ ಚಪಾತಿಯ ಹತ್ತಿರದ ನೆಂಟನ ಹಾಗೆ ಕಾಣುತ್ತದೆ. ಆದರೆ ಅದರ ಹಿಟ್ಟನ್ನು ಸ್ತ್ರುತ್ತೊ ಹಾಕಿ ಕಲಸುವುದು ಸಂಪ್ರದಾಯ. ‘ಚೆ ಸ್ತ್ರುತ್ತೊ?’ ಅಂತ ಕೇಳಿ. ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ, ‘ಪ್ಯದೀನ ಆಲ್ಲೊಲ್ಯೊ’ ಅಂದರೆ ಕೊಡುತ್ತಾರೆ. ಕೆಲವು ಕಡೆ ಫೊಕಾಚ್ಚ ಬ್ರೆಡ್ಡಿಗೂ ಸ್ತ್ರುತ್ತೊ ಬೀಳುತ್ತದೆ.

ಮೂರನೆಯದು ಅಚ್ಚೂಗೆ, ಅಲೀಚಿ. ಎರಡೂ ಅದೇ ಸಣ್ಣ ಮೀನು. ಪುತ್ತಾನೆಸ್ಕ ಸಾಸ್‌ನಲ್ಲಿ ಕರಗಿ ಹೋಗಿರುತ್ತದೆ. ಪೂಲ್ಯದ ಕಡೆ ಸೊಪ್ಪಿನ ಜೊತೆ ಮಾಡುವ ಒರೆಕ್ಯೆತ್ತೆ ಪಾಸ್ತಾದಲ್ಲೂ ಬಹಳ ಸಲ ಇರುತ್ತದೆ. ತಟ್ಟೆಯಲ್ಲಿ ಸೊಪ್ಪು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಸಲಾಡ್ ಕೇಳಿದರೆ ಮೇಲೆ ‘ತೊನ್ನೊ’ ಮೀನು ಉದುರಿಸಿ ತರುವುದೂ ಉಂಟು.

ನಾಲ್ಕನೆಯದು ಮೊಟ್ಟೆ. ಅಂಗಡಿಯಲ್ಲಿ ಸಿಗುವ ಒಣ ಸ್ಪಗೆತ್ತಿ, ಪೆನ್ನೆ ಎಲ್ಲ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಅಷ್ಟೇ. ಆದರೆ ‘ಪಾಸ್ತ ಫ್ರೆಸ್ಕ’ ಅಂದರೆ ಅಲ್ಲೇ ಲಟ್ಟಿಸಿದ್ದು. ಬೊಲೊಞ್ಞ ಸುತ್ತಮುತ್ತ ಅದಕ್ಕೆ ಮೊಟ್ಟೆ ಹಾಕಿಯೇ ಕಲಸುತ್ತಾರೆ. ತಲ್ಯತೆಲ್ಲೆ, ತೊರ್ತೆಲ್ಲೀನಿ ಎಲ್ಲ ಆ ಥರ. ‘ಎ ಪಾಸ್ತ ಆಲ್ಲುವೋವೊ?’ ಅಂತ ಕೇಳಿ. ತಿರಮಿಸೂ ಸಿಹಿಯಲ್ಲಿ ಹಸಿ ಮೊಟ್ಟೆ ಇರುತ್ತದೆ. ಪಾನ್ನ ಕೊತ್ತ ಬೆಳ್ಳಗೆ ಹಾಲಿನ ಪಾಯಸ ಗಟ್ಟಿಯಾದಂತೆ ಕಾಣುತ್ತದೆ. ಆದರೆ ಅದನ್ನು ಗಟ್ಟಿ ಮಾಡುವುದು ಜೆಲಟಿನ್. ಅದಕ್ಕೆ ಅಲ್ಲಿ ‘ಕೊಲ್ಲ ದಿ ಪೆಶ್ಶೆ’ ಅನ್ನುತ್ತಾರೆ, ಮೀನಿನ ಅಂಟು ಅಂತ. ಹೆಸರು ಹಾಗಿದ್ದರೂ ಈಗ ಅದು ಹೆಚ್ಚಾಗಿ ಹಂದಿಯಿಂದ ಬರುತ್ತದೆ.

ಐದನೆಯದು ಚೀಸ್. ಇದನ್ನು ಕೇಳಿದಾಗ ಅಮ್ಮನಿಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಪರ್ಮಿಜಾನೊ ರೆಜ್ಜಾನೊ ಚೀಸ್ ಮಾಡುವ ನಿಯಮದಲ್ಲೇ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಬೇಕು ಅಂತಿದೆ. ಪೆಕೊರೀನೊ ರೊಮಾನೊಗೆ ಕುರಿಮರಿಯದ್ದು. ಹೆಪ್ಪು ಹಾಕುವ ಆ ಪದಾರ್ಥಕ್ಕೆ ‘ಕಾಲ್ಯೊ’ ಅಂತ ಹೆಸರು. ಸಸ್ಯದಿಂದ ಬಂದದ್ದಾದರೆ ‘ಕಾಲ್ಯೊ ವೆಜೆತಾಲೆ’. ಇಟಲಿಯ ಎಷ್ಟೋ ಸಸ್ಯಾಹಾರಿಗಳೇ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಡಿಸುವವರಿಗೂ ಗೊತ್ತಿರುವುದಿಲ್ಲ. ನೀವು ಹಿಡಿಯುವವರಾದರೆ ಒಂದೊಂದು ಚೀಸ್ ಬಗ್ಗೆ ಕೇಳುತ್ತಾ ಕೂರುವ ಬದಲು ‘ಸೆಂತ್ಸ ಫೊರ್ಮಾಜ್ಜೊ’ ಅನ್ನಿ. ಇಲ್ಲವೇ ಆ ಊಟದ ಮಟ್ಟಿಗೆ ‘ವೆಗಾನೊ’, ‘ವೆಗಾನ’ ಅಂತ ಹೇಳಿ. ಮೊಟ್ಟೆ, ಹಾಲು, ಚೀಸ್ ಒಂದೇ ಮಾತಲ್ಲಿ ಹೊರಗಾಗುತ್ತವೆ. ಬೆಣ್ಣೆ (ಬುರ್ರೊ) ನಡೆಯುತ್ತದೆ ಅಂತಿದ್ದರೆ ಅದನ್ನು ಆಮೇಲೆ ಸೇರಿಸಿ.

ಹೆಂಡ ಬೇಡದವರಿಗೂ ಒಂದು ಮಾತು. ರಿಜೊತ್ತೊ, ರಾಗೂಗೆ ವೈನ್ ಸುರಿಯುವುದು ಮಾಮೂಲು. ನಾಪೊಲಿಯ ಬಬಾ ಸಿಹಿ ರಮ್ಮಿನಲ್ಲೇ ನೆನೆದಿರುತ್ತದೆ. ‘ಚೆ ಆಲ್ಕೊಲ್?’ ಅಂತ ಕೇಳಿದರೆ ಹೇಳುತ್ತಾರೆ.

ಇದಕ್ಕೆ ತಿರುಗುಮುರುಗಾಗಿ, ಹೆಸರು ಕೇಳಿ ಸುಮ್ನೆ ಹೆದರಬೇಕಾದ್ದೂ ಇಲ್ಲ. ‘ಪೆಪೆರೋನಿ’ ಅಂದರೆ ಇಟಲಿಯಲ್ಲಿ ದೊಣ್ಣೆ ಮೆಣಸಿನಕಾಯಿ. ಅಮೆರಿಕದ ಪಿಜ್ಜಾದ ಮೇಲೆ ಬರುವ ಮಾಂಸದ ಬಿಲ್ಲೆ ಅಲ್ಲ. ‘ಪಿಜ್ಜಾ ಮರಿನಾರ’ದಲ್ಲಿ ಸಮುದ್ರದ್ದು ಏನೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ಟಸ್ಕನಿಯ ‘ಫಜೋಲಿ ಆಲ್ಲುಚ್ಚೆಲ್ಲೆತ್ತೊ’ ಅಂದರೆ ಹಕ್ಕಿಮರಿಯ ಥರದ ಬೀನ್ಸ್ ಕಾಳು ಅಂತ ಅರ್ಥ ಬಂದರೂ ಒಳಗೆ ಹಕ್ಕಿ ಇಲ್ಲ. ಟೊಮೆಟೊ ಮತ್ತು ಸೇಜ್ ಎಲೆ ಹಾಕಿದ ಬೀನ್ಸ್ ಅದು. ‘ಸಲ್ಸಿಚ್ಚ’, ಅಂದರೆ ಮಾಂಸದ ಸಾಸೇಜ್ ಸೇರಿಸಿದ್ದಾರಾ ಅಂತ ಮಾತ್ರ ಕೇಳಿ.

ಹೆಜ್ಜೆ 6: ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು

ನಮ್ಮಮ್ಮನದು ಇದೇ ಪಾಡು. ಜೈನರ ಮನೆಗಳಲ್ಲಿ, ಎಷ್ಟೋ ಬ್ರಾಹ್ಮಣರ ಮನೆಗಳಲ್ಲಿ, ವ್ರತದ ದಿನಗಳಲ್ಲಿ ಇದು ನಮಗೆ ಸಹಜ. ಇಟಲಿಯವರಿಗೆ ಇದು ಹೊಸದು. ಬೆಳ್ಳುಳ್ಳಿ ಇಷ್ಟವಿಲ್ಲ ಅನ್ನುವವರನ್ನು ನೋಡಿದ್ದಾರೆ, ಎರಡೂ ಪೂರ್ತಿ ಬೇಡ ಅನ್ನುವವರನ್ನು ನೋಡಿರುವುದು ಕಡಿಮೆ. ಹಾಗಾಗಿ ನಿಧಾನವಾಗಿ ಹೇಳಿ:

‘ಮಿಯ ಮಾದ್ರೆ ನೊನ್ ಮಾಂಜ ನೇ ಆಲ್ಯೊ ನೇ ಚಿಪೊಲ್ಲ. ನ್ಯಾಂಕೆ ಉನ್ ಪೊ.’
(ನಮ್ಮಮ್ಮ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ, ಈರುಳ್ಳಿಯನ್ನೂ ತಿನ್ನುವುದಿಲ್ಲ. ಒಂದು ಚೂರೂ ಬೇಡ.)

ಇಲ್ಲಿ ತಿಳಿದಿರಬೇಕಾದ ಮಾತು ‘ಸೊಫ್ರಿತ್ತೊ’. ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸುವುದು. ಇಟಲಿಯ ಎಷ್ಟೋ ಸಾಸು, ಸೂಪು ಶುರುವಾಗುವುದೇ ಇದರಿಂದ. ನಮ್ಮ ಒಗ್ಗರಣೆ ಇದ್ದ ಹಾಗೆ. ಅವರಿಗೆ ಅದು ಪದಾರ್ಥ ಅಂತ ಅನ್ನಿಸುವುದೇ ಇಲ್ಲ, ಅಡುಗೆಯ ಮೊದಲ ಕೆಲಸ ಅಷ್ಟೇ. ಈರುಳ್ಳಿ ಇದೆಯಾ ಅಂದರೆ ತಟ್ಟೆಯಲ್ಲಿ ಕಾಣುವ ಈರುಳ್ಳಿಯನ್ನು ನೆನೆದು ‘ಇಲ್ಲ’ ಅಂದುಬಿಡುತ್ತಾರೆ. ‘ಸೆಂತ್ಸ ಸೊಫ್ರಿತ್ತೊ’ ಅಂದರೆ ಮಾತ್ರ ಅಡುಗೆಯವರ ತಲೆಗೆ ಹೋಗುತ್ತದೆ.

ಕೊನೆಗೆ ನಮಗೆ ದಾರಿ ತೋರಿಸಿದ್ದು ಈ ವಾಕ್ಯ:

‘ಸ್ಪಗೆತ್ತಿ ಕೊನ್ ಪೊಮೊದೋರೊ ಫ್ರೆಸ್ಕೊ, ಓಲ್ಯೊ ಎ ಬಜೀಲಿಕೊ. ಸೆಂತ್ಸ ಆಲ್ಯೊ, ಸೆಂತ್ಸ ಚಿಪೊಲ್ಲ.’

ಹಸಿ ಟೊಮೆಟೊ, ಆಲಿವ್ ಎಣ್ಣೆ, ತುಳಸಿಯ ಜಾತಿಯ ಬಜೀಲಿಕೊ ಎಲೆ. ಮೊದಲೇ ಮಾಡಿಟ್ಟ ಸಾಸ್ ಮುಟ್ಟುವ ಹಾಗೇ ಇಲ್ಲ, ಆಗಲೇ ಮಾಡಬೇಕು. ಅದೂ ಆಗದಿದ್ದರೆ ‘ಪಾಸ್ತ ಇನ್ ಬ್ಯಾಂಕೊ’ ಕೇಳಿ. ಬರೀ ಪಾಸ್ತಾಗೆ ಎಣ್ಣೆಯೋ ಬೆಣ್ಣೆಯೋ ಹಾಕಿ, ಮೇಲೆ ಚೀಸ್ ಉದುರಿಸಿ ಕೊಡುತ್ತಾರೆ. ಹೊಟ್ಟೆ ಕೆಟ್ಟವರಿಗೆ, ಮಕ್ಕಳಿಗೆ ಮಾಡುವ ಊಟ ಅದು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪಕ್ಕಕ್ಕೆ ‘ವೆರ್ದೂರೆ ಗ್ರಿಲ್ಯಾತೆ’, ಸುಟ್ಟ ಬದನೆ, ಸೌತೆಕಾಯಿಯಂತೆ ಕಾಣುವ ಜುಕ್ಕೀನಿ, ದೊಣ್ಣೆ ಮೆಣಸಿನಕಾಯಿ. ಅದರ ಮೇಲೂ ಬೆಳ್ಳುಳ್ಳಿ ಚೂರು ಹಾಕುವುದುಂಟು, ಮೊದಲೇ ಹೇಳಿಬಿಡಿ.

ಗೆಡ್ಡೆ ಗೆಣಸೂ ಬೇಡದ ಜೈನರು ‘ನೇ ಪತಾತೆ, ನೇ ಕರೋತೆ’ ಅಂತ ಸೇರಿಸಿಕೊಳ್ಳಿ.

ಹೆಜ್ಜೆ 7: ಅಲರ್ಜಿ ಇದ್ದವರು

ಇದರಲ್ಲಿ ಸಂಕೋಚಕ್ಕೂ ಅಂದಾಜಿಗೂ ಜಾಗವಿಲ್ಲ.

‘ಸೋನೊ ಅಲ್ಲೆರ್ಜಿಕ ಆಲ್ಲೆ ಅರಾಕಿದಿ. ಎ ಉನಲ್ಲೆರ್ಜೀಯ ಗ್ರಾವೆ.’
(ನನಗೆ ಕಡಲೆಕಾಯಿ ಅಲರ್ಜಿ ಇದೆ. ತೀವ್ರವಾದ ಅಲರ್ಜಿ.)

ಗಂಡಸರು ‘ಅಲ್ಲೆರ್ಜಿಕೊ’ ಅನ್ನಿ. ಪದಾರ್ಥಕ್ಕೆ ತಕ್ಕಂತೆ ಆಲ್, ಆಲ್ಲ, ಆಲ್ಲೆ, ಆಯಿ ಅಂತ ಬದಲಾಗುತ್ತದೆ. ಅದು ತಪ್ಪಿದರೂ ಅರ್ಥ ಕೆಡುವುದಿಲ್ಲ, ಅದಕ್ಕಾಗಿ ತಡವರಿಸಬೇಡಿ. ಹಾಲಿಗೆ ‘ಆಲ್ ಲಾತ್ತೆ’, ಮೊಟ್ಟೆಗೆ ‘ಆಲ್ಲೆ ಉವೋವ’, ಸೋಯಾಗೆ ‘ಆಲ್ಲ ಸೋಯ’, ಎಳ್ಳಿಗೆ ‘ಆಲ್ ಸೇಜಮೊ’, ಸೀಗಡಿ ಏಡಿಗೆ ‘ಆಯಿ ಕ್ರೊಸ್ತಾಚೆಯಿ’.

ಬೀಜಗಳ ವಿಷಯದಲ್ಲಿ ದೊಡ್ಡ ಗೊಂದಲ ಇದೆ. ‘ನೋಚಿ’ ಅಂದರೆ ಅಕ್ರೋಟು ಮಾತ್ರ. ಬರೀ ನೋಚಿ ಅಂದರೆ ಬಾದಾಮಿ (ಮಾಂದೊರ್ಲೆ), ಗೋಡಂಬಿ (ಅನಕಾರ್ದಿ), ಪಿಸ್ತಾ (ಪಿಸ್ತಾಕ್ಕಿ), ಹೇಜಲ್‌ನಟ್ (ನೊಚ್ಚೋಲೆ) ನಿಮ್ಮ ತಟ್ಟೆಗೆ ಬರಬಹುದು. ಎಲ್ಲ ಸೇರಿಸಿ ಹೇಳುವ ಮಾತು ‘ಫ್ರುತ್ತ ಆ ಗೂಶ್ಶೊ’. ಮೊರ್ತದೆಲ್ಲ ಮಾಂಸದಲ್ಲಿ ಪಿಸ್ತಾ ಇರಬಹುದು. ಜೆನೋವದ ಪೆಸ್ತೊ ಸಾಸ್‌ನಲ್ಲಿ ‘ಪಿನೋಲಿ’, ಅಂದರೆ ಪೈನ್ ಮರದ ಬೀಜ ಇರುತ್ತದೆ. ಕರಿಯಲು ಕಡಲೆಕಾಯಿ ಎಣ್ಣೆ ಬಳಸುವುದು ಇಟಲಿಯಲ್ಲಿ ಸಾಮಾನ್ಯ: ‘ಫ್ರಿಜ್ಜೇತೆ ಇನ್ ಓಲ್ಯೊ ದಿ ಅರಾಕಿದಿ?’ ಅಂತ ಕೇಳಿ.

ನಿಮ್ಮ ಬೆನ್ನಿಗೆ ಕಾನೂನೂ ಇದೆ. ಯುರೋಪಿಯನ್ ಒಕ್ಕೂಟದ 2011ರ 1169ನೇ ನಿಯಮ 2014ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 14 ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಊಟದ ಮನೆಗಳೂ ಕೊಡಬೇಕು. ಗ್ಲುಟನ್ ಇರುವ ಗೋಧಿಯಂಥ ಧಾನ್ಯ, ಸೀಗಡಿ ಏಡಿ, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ, ಹಾಲು, ಗಟ್ಟಿ ಸಿಪ್ಪೆಯ ಬೀಜಗಳು, ಸೆಲರಿ, ಸಾಸಿವೆ, ಎಳ್ಳು, ಸಲ್ಫೈಟ್, ಲುಪಿನ್ ಕಾಳು, ಚಿಪ್ಪು ಮೀನಿನಂಥವು. ‘ಅವೇತೆ ಲ ಲಿಸ್ತ ದೇಲ್ಯಿ ಅಲ್ಲೆರ್ಜೆನಿ?’ ಅಂತ ಕೇಳಿದರೆ ಪಟ್ಟಿ ತಂದು ತೋರಿಸುತ್ತಾರೆ. ಎಷ್ಟೋ ಮೆನುಗಳಲ್ಲಿ ತಿಂಡಿಯ ಹೆಸರಿನ ಪಕ್ಕ ಅಂಕಿಗಳಿರುತ್ತವೆ, ಅವುಗಳ ಅರ್ಥ ಕೊನೆಯ ಪುಟದಲ್ಲಿರುತ್ತದೆ. ನಕ್ಷತ್ರದ ಗುರುತು ಇದ್ದರೆ ಅದು ಅಲರ್ಜಿಗೆ ಸಂಬಂಧಿಸಿದ್ದಲ್ಲ. ಪದಾರ್ಥ ಫ್ರೀಜರಿನದ್ದು ಅಂತ ಅರ್ಥ.

ಈ ಪಟ್ಟಿಯನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಈ ಹದಿನಾಲ್ಕರಲ್ಲಿ ಇಲ್ಲ. ಪಿನೋಲಿಯೂ ಇಲ್ಲ. ಹಾಗಾಗಿ ಅವುಗಳನ್ನು ಬಾಯಿಬಿಟ್ಟು ಕೇಳಲೇಬೇಕು.

ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಇಟಲಿ ಭಯಪಡಬೇಕಾದ ಊರಲ್ಲ. ‘ಸೋನೊ ಚೆಲೀಯಾಕೊ’, ಹೆಂಗಸರು ‘ಚೆಲೀಯಾಕ’ ಅಂದರೆ ವಿವರಿಸಿ ಹೇಳಬೇಕಾಗಿಯೇ ಇರುವುದಿಲ್ಲ. 1979ರಲ್ಲಿ ಶುರುವಾದ ಅಲ್ಲಿಯ ಸೀಲಿಯಾಕ್ ಸಂಘ ತರಬೇತಿ ಕೊಟ್ಟು ಊಟದ ಮನೆಗಳ ಒಂದು ಜಾಲವನ್ನೇ ಕಟ್ಟಿದೆ. ‘ಸೆಂತ್ಸ ಗ್ಲೂತಿನೆ’ ಪಿಜ್ಜಾ, ಪಾಸ್ತಾ ಎರಡೂ ಸಿಗುತ್ತವೆ. ಒಂದೇ ಎಚ್ಚರ, ‘ಫಾರ್ರೊ’ ಗೋಧಿಯ ಜಾತಿ, ‘ಒರ್ತ್ಸೊ’ ಬಾರ್ಲಿ. ನ್ಯೊಕ್ಕಿ ಆಲೂಗಡ್ಡೆಯದ್ದಾದರೂ ಅದರಲ್ಲಿ ಮೈದಾ ಇರುತ್ತದೆ. ಹಾಲಿನ ಸಕ್ಕರೆ ಆಗದವರು ‘ಸೋನೊ ಇಂತೊಲ್ಲೆರಾಂತೆ ಆಲ್ ಲತ್ತೋಜ್ಯೊ’ ಅನ್ನಿ.

ಹೆಜ್ಜೆ 8: ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳಿ

ಕೇಳಿದ್ದಷ್ಟೇ ಸಾಲದು, ಅವರು ಏನು ಹೇಳಿದರು ಅನ್ನುವುದೂ ಗೊತ್ತಾಗಬೇಕಲ್ಲ. ‘ಚೆರ್ತೊ’, ‘ನೆಸ್ಸುನ್ ಪ್ರೊಬ್ಲೇಮ’ ಅಂದರೆ ಆಗುತ್ತದೆ. ‘ಮಿ ದಿಸ್ಪ್ಯಾಚೆ’ ಅಂದರೆ ಕ್ಷಮಿಸಿ, ಆಗುವುದಿಲ್ಲ. ‘ಎ ಜಾ ದೆಂತ್ರೊ’ ಅಂದರೆ ಅದು ಆಗಲೇ ಒಳಗೆ ಸೇರಿದೆ. ‘ಸೋಲೊ ಉನ್ ಪೊ’ ಅಂದರೆ ಸ್ವಲ್ಪವೇ ಇದೆ, ಅಂದರೆ ಇದೆ. ಎಲ್ಲಕ್ಕಿಂತ ಜಾರುವ ಉತ್ತರ ‘ಕ್ರೇದೊ ದಿ ನೊ’. ಇಲ್ಲ ಅನ್ನಿಸುತ್ತದೆ, ಅಂತ. ಪದ್ಧತಿಗೆ ಬಿಟ್ಟವರು ಅದನ್ನು ಒಪ್ಪಬೇಕೋ ಬೇಡವೋ ಅವರವರ ಮನಸ್ಸು. ಅಲರ್ಜಿ ಇದ್ದವರು ಅದನ್ನು ಉತ್ತರ ಅಂತಲೇ ತೆಗೆದುಕೊಳ್ಳಬೇಡಿ. ಮತ್ತೆ ‘ಪ್ವೊ ಕ್ಯೇದೆರೆ ಇನ್ ಕುಚೀನ?’ ಅನ್ನಿ.

ತಟ್ಟೆ ಬಂದಾಗ ಇನ್ನೊಂದು ಸಲ ಕೈ ತೋರಿಸಿ ‘ಸೆಂತ್ಸ ಆಲ್ಯೊ, ವೇರೊ?’ ಅಂತ ಖಾತ್ರಿ ಮಾಡಿಕೊಳ್ಳಿ. ತಪ್ಪು ಬಂದಿದ್ದರೆ ದನಿ ಏರಿಸದೆ, ‘ಸ್ಕೂಜಿ, ಅವೇವೊ ಕ್ಯೆಸ್ತೊ ಸೆಂತ್ಸ ಫೊರ್ಮಾಜ್ಜೊ’ ಅಂದರೆ ಸಾಕು. ಚೀಸ್ ಇಲ್ಲದ್ದು ಕೇಳಿದ್ದೆ, ಅಂತ. ಅಲರ್ಜಿ ಆದರೆ ಮೇಲಿನದನ್ನು ತೆಗೆದು ಅದೇ ತಟ್ಟೆ ತರದಂತೆ ಮೊದಲೇ ತಡೆಯಿರಿ: ‘ನೊನ್ ಬಾಸ್ತ ತೊಲ್ಯೆರ್ಲೊ’, ತೆಗೆದರೆ ಸಾಲದು.

ಮೈಯೆಲ್ಲ ದದ್ದು ಬಂದು ಉಸಿರು ಕಟ್ಟುವಂತಾದರೆ ‘ಕ್ಯಮಾತೆ ಉನ ಅಂಬುಲಾಂತ್ಸ!’ ಅನ್ನಿ. ನೀವೇ ಕರೆ ಮಾಡುವುದಾದರೆ 112. ಅಡ್ರಿನಲಿನ್ ಸೂಜಿ ಇಟ್ಟುಕೊಂಡವರು ಅದು ಯಾವ ಚೀಲದಲ್ಲಿದೆ ಅಂತ ಜೊತೆಯವರಿಗೆ ಊಟಕ್ಕೆ ಕೂರುವ ಮೊದಲೇ ತೋರಿಸಿರಿ. ಅಲ್ಲಿ ಅದಕ್ಕೆ ‘ಅದ್ರೆನಲೀನ’ ಅನ್ನುತ್ತಾರೆ.

ಹೆಜ್ಜೆ 9: ಯಾವ ಊರಲ್ಲಿ ಏನು ಕೇಳಬಹುದು

ಇಟಲಿಯ ಮೆನು ಆಂತಿಪಾಸ್ತಿ (ಮೊದಲ ಕುರುಕಲು), ಪ್ರೀಮಿ (ಪಾಸ್ತಾ, ರಿಜೊತ್ತೊ ಥರದ್ದು), ಸೆಕೊಂದಿ (ಅದರ ನಂತರದ ಮುಖ್ಯ ತಿಂಡಿ), ಕೊಂತೋರ್ನಿ (ಪಕ್ಕಕ್ಕೆ ತರಕಾರಿ), ದೋಲ್ಚಿ (ಸಿಹಿ) ಅಂತ ಭಾಗವಾಗಿರುತ್ತದೆ. ಸೆಕೊಂದಿ ಹೆಚ್ಚೂಕಡಿಮೆ ಪೂರ್ತಿ ಮಾಂಸ, ಮೀನು. ಅದನ್ನು ದಾಟಿ ಹೋಗಿ. ಪ್ರೀಮಿಯಿಂದ ಒಂದು, ಕೊಂತೋರ್ನಿಯಿಂದ ಎರಡು ತಗೊಂಡರೆ ಒಬ್ಬರಿಗೆ ಧಾರಾಳ. ಎಲ್ಲ ಭಾಗದಿಂದಲೂ ತರಿಸಲೇಬೇಕು ಅಂತೇನೂ ಇಲ್ಲ.

ರೋಮ್‌ನಲ್ಲಿ ಕಾರ್ಚೋಫಿ ಅನ್ನುವ ಮೊಗ್ಗಿನಂಥ ತರಕಾರಿ ಸಿಗುತ್ತದೆ. ‘ಆಲ್ಲ ಜುದೀಯ’ ಅಂದರೆ ಯಹೂದಿಗಳ ಪದ್ಧತಿಯಲ್ಲಿ ಗರಿಗರಿಯಾಗಿ ಕರಿದದ್ದು. ನಾಪೊಲಿಯಲ್ಲಿ ಮರಿನಾರ. ಕತಾನ್ಯದಲ್ಲಿ ‘ಪಾಸ್ತ ಆಲ್ಲ ನೋರ್ಮ’: ಕರಿದ ಬದನೆಕಾಯಿ, ಟೊಮೆಟೊ, ಮೇಲೆ ಉಪ್ಪು ಹಾಕಿ ಒಣಗಿಸಿದ ರಿಕೊತ್ತ ಚೀಸ್. ಬದನೆ ಎಣ್ಣೆ ಕುಡಿದು ಮೆತ್ತಗಾಗಿ ಪಾಸ್ತಾಗೆ ಅಂಟಿಕೊಂಡಿರುತ್ತದೆ. ನನಗೆ ಇಟಲಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಜೆನೋವ ಕಡೆ ಕಡಲೆಹಿಟ್ಟಿನ ‘ಫರಿನಾತ’ ಇದೆ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಬೇಯಿಸುತ್ತಾರೆ. ಗ್ಲುಟನ್ ಬೇಡದವರು ಅದೇ ಒಲೆಯಲ್ಲಿ ಪಿಜ್ಜಾ ಬೇಯಿಸುತ್ತಾರಾ ಅಂತ ಕೇಳಿಕೊಳ್ಳಿ.

ಪಲೆರ್ಮೊದಲ್ಲಿ ಬೀದಿ ಬದಿಯಲ್ಲೇ ‘ಪನೆಲ್ಲೆ’ ಸಿಗುತ್ತದೆ. ಕಡಲೆಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಕೊಯ್ದು ಕರಿದದ್ದು. ಅಮ್ಮ ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ, ‘ಚೆ ಆಲ್ಯೊ? ಚೆ ಚಿಪೊಲ್ಲ?’ ಅಂತ ತಾವೇ ಕೇಳಿದರು. ಅಂಗಡಿಯವರು ಎರಡಕ್ಕೂ ತಲೆಯಾಡಿಸಿ ಇಲ್ಲ ಅಂದರು. ಅದನ್ನು ಎಳ್ಳು ಹಚ್ಚಿದ ಬನ್ನಿನೊಳಗೆ ಇಟ್ಟು ಕೊಡುವುದು ಅಲ್ಲಿಯ ವಾಡಿಕೆ. ಎಳ್ಳು ಆಗದವರು ‘ಸೋಲೊ ಪನೆಲ್ಲೆ, ಸೆಂತ್ಸ ಪಾನೆ’ ಅನ್ನಿ, ಬನ್ ಬಿಟ್ಟು ಕಾಗದದಲ್ಲಿ ಸುತ್ತಿ ಕೊಡುತ್ತಾರೆ.